ಕೊಡಗಿನ ರಸ್ತೆಗಳಲ್ಲಿ ಸಿಟ್ಟು ಮಾಡಿಕೊಳ್ಳದೆ ಗಾಡಿ ಓಡಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಶನಿವಾರ ಬೆಳಗ್ಗೆ ಕುಶಾಲನಗರ ಬಿಟ್ಟು ಮಡಿಕೇರಿ ಕಡೆ ಹೊರಟರೆ ಆನೆಕಾಡು ಮುಗಿಯುವಷ್ಟರಲ್ಲಿ ಗಾಡಿಗಳ ಸಾಲಿಗೆ ಸಿಕ್ಕಿಕೊಂಡಿರುತ್ತೀರಿ. ಎಲ್ಲರಿಗಿಂತ ಮುಂದೆ ಸಿಮೆಂಟ್ ಲಾರಿ, ಅದರ ಹಿಂದೆ ಬೆಂಗಳೂರಿನ ಮೂರು ಕಾರು, ಆಮೇಲೆ ಒಂದು ಟಿಟಿ (ಟೆಂಪೋ ಟ್ರಾವೆಲರ್), ಆಮೇಲೆ ನೀವು. ನಿಮ್ಮ ಹಿಂದೆ ಒಬ್ಬ ಬಂಪರಿಗೆ ಅಂಟಿಕೊಂಡು ಲೈಟ್ ಹೊಡೆಯುತ್ತಿರುತ್ತಾನೆ. ಆ ಹೊತ್ತಿನಲ್ಲಿ ಏಳುವ ಸಿಟ್ಟು ಏಳದಂತೆ ನೋಡಿಕೊಳ್ಳುವುದು ಹೇಗೆ, ಎದ್ದರೆ ಇಳಿಸುವುದು ಹೇಗೆ ಎಂದು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಬಯಲುಸೀಮೆಯ ಅಗಲ ರಸ್ತೆಯಲ್ಲಿ ಸಿಟ್ಟಾದವನಿಗೆ ತಪ್ಪು ಸರಿಪಡಿಸಿಕೊಳ್ಳಲು ಸ್ವಲ್ಪ ಜಾಗವಾದರೂ ಇರುತ್ತದೆ. ನಮ್ಮಲ್ಲಿ ಒಂದು ಬದಿ ಬರೆ (ಕಡಿದ ಗುಡ್ಡದ ಗೋಡೆ), ಇನ್ನೊಂದು ಬದಿ ಆಳ, ನಡುವೆ ಎರಡು ಗಾಡಿ ಹಿಡಿಯುವಷ್ಟು ಡಾಂಬರು. ಹೀಗಾಗಿ ಇಲ್ಲಿ ತಾಳ್ಮೆಯನ್ನು ಗೇರ್, ಬ್ರೇಕಿನ ಹಾಗೆ ಗಾಡಿ ಓಡಿಸುವ ವಿದ್ಯೆಯ ಒಂದು ಭಾಗವಾಗಿಯೇ ಕಲಿಯಬೇಕು. ಅದರಲ್ಲಿ ಅರ್ಧ ಕೆಲಸ ಕೀ ತಿರುಗಿಸುವ ಮೊದಲೇ ಮುಗಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ನಿಮ್ಮ ಸಿಟ್ಟಿನ ಜಾಗ ಗುರುತಿಸಿ

ಎಲ್ಲರಿಗೂ ಎಲ್ಲದಕ್ಕೂ ಸಿಟ್ಟು ಬರುವುದಿಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರಿ ಡೆಫೆನ್‌ಬ್ಯಾಕರ್ ಮತ್ತು ಜೊತೆಗಾರರು 1994ರಲ್ಲಿ ಚಾಲಕರ ಸಿಟ್ಟನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿದ್ದ 33 ಸನ್ನಿವೇಶಗಳು ಆರು ಗುಂಪಾದವು: ಬೇರೆಯವರ ಕೆಟ್ಟ ಸನ್ನೆ, ನಿಯಮ ಮುರಿಯುವುದು, ಪೊಲೀಸರು ಎದುರಾಗುವುದು, ನಿಧಾನ ಗಾಡಿ, ಮರ್ಯಾದೆ ಇಲ್ಲದ ಚಾಲನೆ, ರಸ್ತೆಯ ಅಡ್ಡಿ ಆತಂಕ. ಕೊಡಗಿನಲ್ಲಿ ಓಡಾಡುವವರಿಗೆ ಈ ಆರೂ ಒಂದೇ ದಿನ ಸಿಗಬಹುದು. ಆದರೂ ಒಬ್ಬೊಬ್ಬರಿಗೆ ಒಂದೆರಡು ಮಾತ್ರ ತೀರಾ ತಾಗುತ್ತವೆ. ಒಬ್ಬರಿಗೆ ಲಾರಿಯ ಹಿಂದೆ ತೆವಳಿದರೆ ಏನೂ ಅನಿಸುವುದಿಲ್ಲ, ಎದುರಿನವ ಹೈ ಬೀಮ್ ಇಳಿಸದಿದ್ದರೆ ಮಾತ್ರ ಮೈ ಉರಿಯುತ್ತದೆ. ಇನ್ನೊಬ್ಬರಿಗೆ ತಿರುವಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ಆಗುವುದಿಲ್ಲ. ನಿಮಗೆ ಯಾವುದು ಎಂದು ಮನೆಯಲ್ಲೇ ಕೂತು ಯೋಚಿಸಿ. ಗೊತ್ತಿದ್ದರೆ ಅದು ಎದುರಾದಾಗ "ಓ, ಇದು ನನ್ನದು" ಎಂದು ಒಂದು ಗಳಿಗೆ ಮೊದಲೇ ತಿಳಿಯುತ್ತದೆ. ಆ ಒಂದು ಗಳಿಗೆ ಸಾಕು.

ಸಿಟ್ಟು ಏರಿದಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆ ಬಡಿತ ಜೋರಾಗುತ್ತದೆ, ಸ್ಟೇರಿಂಗ್ ಮೇಲಿನ ಹಿಡಿತ ಬಿಗಿಯಾಗುತ್ತದೆ. ಗಮನ ಕಿರಿದಾಗಿ, ಸಿಟ್ಟು ತರಿಸಿದ ಗಾಡಿಯೊಂದೇ ಕಣ್ಣಿಗೆ ಕಾಣುತ್ತದೆ. ತೋಟದ ಗೇಟಿನಿಂದ ಹೊರಬರುತ್ತಿರುವ ಬೈಕ್ ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಪಕ್ಕದಲ್ಲಿ ದಾಟಿದವನ ಮುಖ ನೋಡಿ ಬೈಯಲು ಎರಡು ಸೆಕೆಂಡ್ ತೆಗೆದುಕೊಂಡರೆ 22 ಮೀಟರ್ ರಸ್ತೆಯನ್ನು ನೋಡದೇ ಓಡಿಸಿದ ಹಾಗೆ. ಮೇಕೇರಿ ಕಡೆಯ ತಿರುವುಗಳಲ್ಲಿ ಅಷ್ಟರೊಳಗೆ ರಸ್ತೆಯೇ ಬೇರೆ ಕಡೆ ತಿರುಗಿರುತ್ತದೆ.

ಸಮಯದ ಲೆಕ್ಕ ಸರಿಯಾಗಿ ಹಾಕಿ

ರಸ್ತೆಯ ಸಿಟ್ಟಿಗೆ ಹೆಚ್ಚಿನ ಸಲ ತಡವಾಗುತ್ತಿದೆ ಎಂಬ ಭಯವೇ ಮೂಲ. ಮೊಬೈಲ್ ಮ್ಯಾಪ್ ತೋರಿಸುವ ಸಮಯಕ್ಕೆ ಹೊರಟರೆ ಒಂದು ಲಾರಿ ಸಿಕ್ಕಿದರೂ ಲೆಕ್ಕ ತಪ್ಪುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ಸರಾಸರಿ 40ರಲ್ಲಿ ಹೋದರೆ 45 ನಿಮಿಷ, ಜೀವ ಕೈಯಲ್ಲಿ ಹಿಡಿದು ಸರಾಸರಿ 45ಕ್ಕೆ ಏರಿಸಿದರೆ 40 ನಿಮಿಷ. ಅಷ್ಟೆಲ್ಲ ಓವರ್‌ಟೇಕ್, ಹಾರ್ನ್, ಬೈಗುಳದಿಂದ ಉಳಿಯುವುದು ಐದು ನಿಮಿಷ. ಅದೇ ಐದು ನಿಮಿಷ ಮನೆಯಿಂದ ಬೇಗ ಹೊರಟರೆ ಸಿಗುತ್ತದೆ.

ನಮ್ಮ ರಸ್ತೆಗೆ ಅದರದೇ ಆದ ಪಂಚಾಂಗವಿದೆ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ ಬಂದರೆ ತಲಕಾವೇರಿ ತೀರ್ಥೋದ್ಭವಕ್ಕೆ ಹೋಗುವವರಿಂದ ಭಾಗಮಂಡಲ ರಸ್ತೆ ತುಂಬುತ್ತದೆ. ದಸರಾದಲ್ಲಿ ದಶಮಂಟಪಗಳ ಮೆರವಣಿಗೆಯ ರಾತ್ರಿ ಮಡಿಕೇರಿ ಪೇಟೆಯೊಳಗೆ ಕಾರು ತರುವುದೇ ತಪ್ಪು ಲೆಕ್ಕ. ಸುಗ್ಗಿ ಹಬ್ಬ ಪುತ್ತರಿಗೆ ಊರಿಗೆ ಬರುವವರು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಪ್ರವಾಸಿಗರು, ಯಾವ ರಜೆಯಾದರೂ ಶುಕ್ರವಾರಕ್ಕೋ ಸೋಮವಾರಕ್ಕೋ ಅಂಟಿಕೊಂಡರೆ ರಾಜಾಸೀಟ್, ಅಬ್ಬಿ ಜಲಪಾತದ ರಸ್ತೆಗಳು. ಶುಕ್ರವಾರ ಮಡಿಕೇರಿ ಸಂತೆ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು; ಬೆಳಗ್ಗೆಯೂ ಸಂಜೆಯೂ ಕೆಲಸದವರನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ, ನಿಲ್ಲಲೇಬೇಕು. ಇವೆಲ್ಲ ವರ್ಷವೂ ಬರುವಂಥವು. ಇವತ್ತು ತಡವಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಹೊರಟವನಿಗೆ ದಾರಿಯಲ್ಲಿ ಸಿಟ್ಟಾಗಲು ಕಾರಣ ಕಡಿಮೆ.

ಕುಟ್ಟದಿಂದ ನಾಗರಹೊಳೆ ಒಳಗಿನ ರಸ್ತೆಯಲ್ಲಿ ಹುಣಸೂರಿಗೆ ಹೋಗುವವರು ಇನ್ನೊಂದು ವಿಷಯ ನೆನಪಿಡಬೇಕು. ಸಂಜೆ ಗೇಟ್ ಮುಚ್ಚುತ್ತದೆ. ಗೇಟ್ ಸಿಗಲಿಕ್ಕಿಲ್ಲ ಎಂಬ ಆತುರದಲ್ಲಿ ಕಾಡಿನ ರಸ್ತೆಯಲ್ಲಿ ಓಡಿಸುವಷ್ಟು ಕೆಟ್ಟ ಮನಸ್ಥಿತಿ ಬೇರೊಂದಿಲ್ಲ. ಹೊತ್ತಾಗಿದ್ದರೆ ತಿತಿಮತಿ ದಾರಿ ಹಿಡಿಯುವುದೆಂದು ಮನೆಯಲ್ಲೇ ನಿರ್ಧರಿಸಿ.

ಎದುರು ನೋಡುತ್ತಿರುವವರಿಗೆ "ಹನ್ನೊಂದಕ್ಕೆ ಬರ್ತೇನೆ" ಎನ್ನಬೇಡಿ. "ಹನ್ನೊಂದರಿಂದ ಹನ್ನೊಂದೂವರೆ ಒಳಗೆ" ಎನ್ನಿ. ಏನಾದರೂ ತಿಂದು ಹೊರಡಿ, ಖಾಲಿ ಹೊಟ್ಟೆಯವನಿಗೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ನಿದ್ದೆಗೆಟ್ಟಿದ್ದರೆ ಬೇರೆಯವರಿಗೆ ಕೀ ಕೊಡಿ.

ಗಾಡಿಯೇ ಕಿರಿಕಿರಿ ಮಾಡದಿರಲಿ

ಹಳೆಯ ವೈಪರ್ ಬ್ಲೇಡ್ ಗಾಜನ್ನು ಒರೆಸದೆ ಬರೀ ಕಿರ್ರೆನ್ನುತ್ತಿದ್ದರೆ ಮಳೆಗಾಲದಲ್ಲಿ ಅರ್ಧ ಗಂಟೆಯಲ್ಲಿ ತಲೆ ಕೆಡುತ್ತದೆ. ಜೂನ್‌ಗೆ ಮೊದಲೇ ಬದಲಾಯಿಸಿ. ಒಳಗಿನಿಂದ ಗಾಜು ಮಬ್ಬಾದರೆ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಫೋನ್ ಸೈಲೆಂಟ್ ಮಾಡಿ. ವಾಂತಿ ಬರುವ ಮಕ್ಕಳಿದ್ದರೆ ಕವರ್ ಕೈಗೆ ಸಿಗುವಂತಿರಲಿ.

ಮುಂದಿನವನಿಗೆ ಒಂದು ಕಾರಣ ಕೊಡಿ

ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ, ಅಭ್ಯಾಸ ಆಗಲು ಹೆಚ್ಚು ದಿನ ಬೇಕಾಗುವುದೂ ಇದಕ್ಕೇ. ನಾವು ದಿಢೀರ್ ಬ್ರೇಕ್ ಹಾಕಿದರೆ ಅದಕ್ಕೆ ಕಾರಣ ರಸ್ತೆಯ ಗುಂಡಿ. ಮುಂದಿನವ ಹಾಕಿದರೆ ಅವನಿಗೆ ಓಡಿಸಲು ಬರುವುದಿಲ್ಲ. ನಮ್ಮ ತಪ್ಪಿಗೆ ಪರಿಸ್ಥಿತಿ ಕಾರಣ, ಬೇರೆಯವರ ತಪ್ಪಿಗೆ ಅವರ ಗುಣವೇ ಕಾರಣ ಎಂದುಕೊಳ್ಳುವ ಈ ಪಕ್ಷಪಾತ ಮನುಷ್ಯರಲ್ಲಿ ಎಷ್ಟು ಆಳವಾಗಿದೆ ಎಂದರೆ, ಬೇರೆಯವರ ಪರಿಸ್ಥಿತಿ ಮರೆತು ಗುಣವನ್ನೇ ದೂರುವ ತಪ್ಪಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಶಾಸ್ತ್ರೀಯ ಹೆಸರು ಕೊಟ್ಟರು.

ಮುಂದಿನ ಗಾಡಿಯ ಮೇಲೆ ಸಿಟ್ಟು ಬಂದಾಗ ಅದು ಹಾಗೆ ಮಾಡಲು ಇರಬಹುದಾದ ಒಂದು ಕಾರಣವನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ಬಾಯಿಯಲ್ಲಿ ಹೇಳಬೇಕು. ಸುಂಟಿಕೊಪ್ಪದ ಬಳಿ ಪಿಕಪ್ ಸಿಗ್ನಲ್ ಹಾಕದೆ ನಿಂತಿತೇ? "ತೋಟದ ಲೈನ್ ಮನೆಯ ಕೆಲಸದವರು ಇಳಿಯುತ್ತಿದ್ದಾರೆ, ಹೆಂಗಸರ ತಲೆ ಮೇಲೆ ಸೌದೆ ಹೊರೆ ಇದೆ." ಹೊರ ಜಿಲ್ಲೆಯ ಕಾರು ಪ್ರತಿ ತಿರುವಿನಲ್ಲೂ ಬ್ರೇಕ್ ಲೈಟ್ ಉರಿಸುತ್ತಿದೆಯೇ? "ಘಾಟಿಯಲ್ಲಿ ಮೊದಲ ಸಲ ಓಡಿಸುತ್ತಿದ್ದಾನೆ, ಹೆದರಿದ್ದಾನೆ." ನಾಪೋಕ್ಲು ಕಡೆಯಿಂದ ಬಂದ ಜೀಪು ಹಾರ್ನ್ ಹೊಡೆದುಕೊಂಡು ನುಗ್ಗಿತೇ? "ಯಾರನ್ನೋ ಆಸ್ಪತ್ರೆಗೆ ಕರೆದೊಯ್ಯುತ್ತಿರಬಹುದು." ಅದು ನಿಜವೇ ಎಂದು ಪರೀಕ್ಷಿಸುವ ಅಗತ್ಯವಿಲ್ಲ. ಅವನು ನಿಜಕ್ಕೂ ಉಡಾಳನೇ ಇರಬಹುದು, ಆದರೆ ನಿಮ್ಮ ಕೈಯಲ್ಲಿರುವುದು ನಿಮ್ಮ ಸ್ಟೇರಿಂಗ್ ಮಾತ್ರ.

ಪ್ರವಾಸಿಗರ ಮೇಲೆ ನಮ್ಮ ಜಿಲ್ಲೆಯವರಿಗೆ ಇರುವ ಅಸಮಾಧಾನ ನನಗೆ ಅರ್ಥವಾಗುತ್ತದೆ. ರಸ್ತೆ ಮಧ್ಯೆ ನಿಲ್ಲಿಸಿ ಮಂಜಿನ ಫೋಟೋ ತೆಗೆಯುವವರನ್ನು ದಿನವೂ ದಾಟಿ ಕೆಲಸಕ್ಕೆ ಹೋಗುವುದು ಸುಲಭವಲ್ಲ. ಆದರೆ ಕೆಎ-12 ಇಲ್ಲದ ನಂಬರ್ ಪ್ಲೇಟ್ ಕಂಡ ಕೂಡಲೇ ಮುಖ ಗಂಟಿಕ್ಕುವ ಅಭ್ಯಾಸ ಬಿಡಬೇಕು. ಹಾಗೆ ಮಾಡಿದರೆ ಏನೂ ತಪ್ಪು ಮಾಡದವರ ಮೇಲೂ ನಾವು ಮೊದಲೇ ಸಿಟ್ಟಾಗಿರುತ್ತೇವೆ.

ನಿಧಾನ ಲಾರಿಯ ಹಿಂದೆ

ಐದು ಕಿ.ಮೀ. ದೂರ 20ರ ವೇಗದ ಲಾರಿಯ ಹಿಂದೆ ಹೋದರೆ 15 ನಿಮಿಷ. ಅದೇ ದೂರ 35ರಲ್ಲಿ ಹೋಗಿದ್ದರೆ ಒಂಬತ್ತು ನಿಮಿಷವಾಗುತ್ತಿತ್ತು. ಕಳೆದದ್ದು ಆರು ನಿಮಿಷ. ಈ ಲೆಕ್ಕ ತಲೆಯಲ್ಲಿದ್ದರೆ ಮಾದೆನಾಡು, ಜೋಡುಪಾಲದ ತಿರುವಿನಲ್ಲಿ ಮೂಗು ಹೊರಗೆ ಹಾಕುವ ಆಸೆ ತಗ್ಗುತ್ತದೆ.

ಲಾರಿಗೆ ಅಂಟಿಕೊಂಡರೆ ಅದರ ಹಿಂಬದಿ ಹಲಗೆ, ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಏನೂ ಕಾಣದಿದ್ದಾಗಲೇ ಅಸಹನೆ ಹೆಚ್ಚುವುದು. ಹಿಂದೆ ಸರಿಯಿರಿ. ಲಾರಿ ಒಂದು ಕಂಬವನ್ನೋ ಮರವನ್ನೋ ದಾಟಿದ ಮೇಲೆ ನೀವು ಅಲ್ಲಿಗೆ ತಲುಪಲು ಮೂರು ಸೆಕೆಂಡ್ ಆಗಬೇಕು, ಮಳೆಯಿದ್ದರೆ ಇನ್ನೂ ಹೆಚ್ಚು. ಯಾರಾದರೂ ಆ ಜಾಗಕ್ಕೆ ನುಗ್ಗಿದರೆ ನುಗ್ಗಲಿ, ಮತ್ತೆ ಸ್ವಲ್ಪ ಹಿಂದೆ ಸರಿಯಿರಿ. ಲಾರಿಯವನು ಎಡ ಇಂಡಿಕೇಟರ್ ಹಾಕಿ ದಾರಿ ಬಿಟ್ಟರೂ ಎದುರಿನ ರಸ್ತೆ ನಿಮ್ಮ ಕಣ್ಣಿಗೇ ಕಾಣಬೇಕು. ಅವನು ಎಡಕ್ಕೆ ತಿರುಗಲು ಹಾಕಿದ್ದೂ ಇರಬಹುದು.

ನಿಮ್ಮ ಗಾಡಿಯೇ ನಿಧಾನವಾಗಿದ್ದರೆ ಕನ್ನಡಿ ನೋಡಿ. ಹಿಂದೆ ನಾಲ್ಕಾರು ಗಾಡಿ ಸೇರಿದ್ದರೆ ಅಗಲ ಜಾಗ ಸಿಕ್ಕಾಗ ಎಡಕ್ಕೆ ಸರಿದು ಬಿಟ್ಟುಕೊಡಿ. ಬೇರೆಯವರ ಸಿಟ್ಟು ಕಡಿಮೆ ಮಾಡುವುದೂ ನಿಮ್ಮ ಸುರಕ್ಷತೆಯೇ.

ಎದುರುಬದುರಾದಾಗ

ಚೇರಂಬಾಣೆಯಿಂದ ಆಚೆ, ಮಾಂದಲಪಟ್ಟಿ ದಾರಿಯಲ್ಲಿ, ತೋಟಗಳೊಳಗಿನ ಪಂಚಾಯಿತಿ ರಸ್ತೆಗಳಲ್ಲಿ ಎರಡು ಗಾಡಿ ಮೂತಿಗೆ ಮೂತಿ ನಿಲ್ಲುವುದು ದಿನನಿತ್ಯದ ಮಾತು. ಜಗಳಗಳು ಹೆಚ್ಚು ಹುಟ್ಟುವುದೂ ಇಲ್ಲೇ. ನಿಯಮ ಸ್ಪಷ್ಟವಿದೆ: ರಸ್ತೆ ಸಾಲದ ಕಡೆ ಇಳಿಯುವ ಗಾಡಿ ಬದಿಗೆ ನಿಂತು ಏರುವ ಗಾಡಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಾವಳಿಯಲ್ಲೇ ಇದ್ದ ಮಾತಿದು. ಭಾರ ಹೊತ್ತು ಚಡಾವು ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ.

ಆದರೆ ನಿಯಮ ನನ್ನ ಪರ ಇದೆ ಎಂದು ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂರುವುದು ಬೇಡ. ಅಗಲ ಜಾಗ ಯಾರಿಗೆ ಹತ್ತಿರವಿದೆಯೋ ಅವರು ಹಿಂದೆ ಹೋಗುವುದು ನಮ್ಮ ಹಳ್ಳಿ ರಸ್ತೆಗಳ ರೂಢಿ. ಬಸ್ಸು ಎದುರಾದರೆ ಹೇಗೆ ನಡೆಯುತ್ತದೆ ನೋಡಿ. ಕಂಡಕ್ಟರ್ ಇಳಿದು ಕಾರಿನ ಹಿಂದೆ ಹೋಗಿ ನಿಲ್ಲುತ್ತಾರೆ. "ಬರ್ಲಿ ಬರ್ಲಿ, ಸ್ವಲ್ಪ ಎಡಕ್ಕೆ ಒಡೀರಿ, ಹೋಲ್ಡಾನ್" ಎಂದು ಕೈ ತೋರಿಸುತ್ತಾರೆ. ಕಾರಿನ ಎಡ ಚಕ್ರ ಚರಂಡಿಯ ಅಂಚಿಗೆ ಒಂದು ಗೇಣು ಇರುವಾಗ ನಿಲ್ಲಿಸಿ, ಮಡಚದ ಕನ್ನಡಿಯನ್ನು ತಾವೇ ಮಡಚಿ, ಬಸ್ಸಿನ ಬಾಡಿ ತಟ್ಟುತ್ತಾರೆ. ಬಸ್ಸು ಉಜ್ಜಿಯೂ ಉಜ್ಜದ ಹಾಗೆ ದಾಟಿ ಹೋಗುತ್ತದೆ. ಅಲ್ಲಿ ಯಾರೂ ಯಾರನ್ನೂ ಬೈದಿರುವುದಿಲ್ಲ. ನಿಮಗೆ ರಿವರ್ಸ್ ಧೈರ್ಯ ಇಲ್ಲದಿದ್ದರೆ ನೇರವಾಗಿ ಹೇಳಿಬಿಡಿ: "ಅಣ್ಣಾ, ನಂಗೆ ರಿವರ್ಸ್ ಕಷ್ಟ, ಸ್ವಲ್ಪ ನೋಡ್ತೀರಾ?" ಹೀಗೆ ಕೇಳಿದವರಿಗೆ ಇಲ್ಲಿ ಸಹಾಯ ಸಿಗದೇ ಇರುವುದು ಅಪರೂಪ. ದಾಟಿದ ಮೇಲೆ ಒಂದು ಕೈ ಎತ್ತಿ.

ಸಿಟ್ಟು ಬಂದೇ ಬಿಟ್ಟಿತು, ಈಗ?

ಕಣ್ಣು ರಸ್ತೆಯ ಮೇಲೇ ಇರಲಿ. ಮೊದಲು ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿ, ಬಾಕಿಯದೆಲ್ಲ ಆಮೇಲೆ. ನಂತರ ಹಲ್ಲು ಕಚ್ಚಿದ್ದರೆ ಬಿಡಿ, ಕಿವಿಯ ಹತ್ತಿರಕ್ಕೆ ಏರಿದ ಭುಜ ಇಳಿಸಿ, ಸ್ಟೇರಿಂಗ್ ಮೇಲಿನ ಬೆರಳುಗಳನ್ನು ಸ್ವಲ್ಪ ಸಡಿಲ ಮಾಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನಕ್ಕೆ ಬಿಡಿ. ಬಿಡುವ ಉಸಿರು ಉದ್ದವಾದರೆ ಹೃದಯದ ಬಡಿತ ತಗ್ಗುತ್ತದೆ. ಉಸಿರು ಬಿಡುವಾಗ ವೇಗಸ್ ನರದ ಮೂಲಕ ಹೃದಯಕ್ಕೆ ನಿಧಾನವಾಗುವ ಸೂಚನೆ ಹೋಗುತ್ತದೆ. ಐದಾರು ಉಸಿರಾದ ಮೇಲೂ ಕುದಿಯುತ್ತಿದ್ದರೆ ಪೇಟೆ ಸಿಕ್ಕಾಗ ನಿಲ್ಲಿಸಿ. ಸುಂಟಿಕೊಪ್ಪ, ಮೂರ್ನಾಡು, ಸಂಪಾಜೆ, ಗೋಣಿಕೊಪ್ಪ, ಎಲ್ಲಿ ಬೇಕಾದರೂ ಒಂದು ಕಾಫಿ ಸಿಗುತ್ತದೆ. ತಿರುವಿನಲ್ಲಿ ಅಥವಾ ಮಳೆಗಾಲದಲ್ಲಿ ಬರೆಯ ಕೆಳಗೆ ಮಾತ್ರ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಈ ಗುಡ್ಡಗಳು ಹೇಗೆ ಕುಸಿದವು ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ.

ಸಂಪಾಜೆ ಕಡೆಗೆ ಇಳಿಯುವಾಗ ಸಿಟ್ಟಿನ ಕಾಲು ಇನ್ನೂ ಅಪಾಯ. ಒತ್ತುವುದು, ಬ್ರೇಕ್, ಮತ್ತೆ ಒತ್ತುವುದು, ಮತ್ತೆ ಬ್ರೇಕ್. ಬ್ರೇಕ್ ಕಾದು ಸುಟ್ಟ ವಾಸನೆ ಬಂದರೆ ಅದರ ಹಿಡಿತ ಕಡಿಮೆಯಾಗುತ್ತಿದೆ ಎಂದೇ ಅರ್ಥ. ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಾಗ ಓಡಿಸುವವರ ಮನಸ್ಸಿನ ಆತುರವೂ ತಗ್ಗುತ್ತದೆ, ಮಾಡಿ ನೋಡಿ.

ಹಾರ್ನ್ ಮತ್ತು ಲೈಟ್

ಕುರುಡು ತಿರುವಿಗೆ ಮೊದಲು ಒಂದು ಚಿಕ್ಕ ಹಾರ್ನ್, ಕಿಟಕಿ ಎರಡು ಬೆರಳು ಇಳಿಸಿ ಆಚೆಯಿಂದ ಉತ್ತರ ಬರುತ್ತದೆಯೇ ಎಂದು ಕೇಳುವುದು. ಇದು ಘಾಟಿಯ ಸಂಭಾಷಣೆ. ಉದ್ದನೆಯ ಹಾರ್ನ್ ಬೈಗುಳ, ಅದಕ್ಕೆ ಉತ್ತರವಾಗಿ ಬೈಗುಳವೇ ಬರುತ್ತದೆ. ರಾತ್ರಿ ಎದುರಿನವ ಹೈ ಬೀಮ್ ಇಳಿಸದಿದ್ದರೆ ಒಮ್ಮೆ ಡಿಮ್ ಡಿಪ್ ಮಾಡಿ. ಇಳಿಸಲಿಲ್ಲವೇ, ಬಿಟ್ಟುಬಿಡಿ. ನೀವೂ ಹೈ ಬೀಮ್ ಹಾಕಿದರೆ ಕಣ್ಣು ಕತ್ತಲಾದವರು ಇಬ್ಬರಾಗುತ್ತಾರೆ. ವೇಗ ಇಳಿಸಿ, ದೃಷ್ಟಿ ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ತನ್ನಿ.

ಹಿಂದೆ ಅಂಟಿಕೊಂಡವನು

ಪಾಠ ಕಲಿಸಲು ಬ್ರೇಕ್ ಹಾಕಬೇಡಿ. ವೇಗವನ್ನೂ ಏರಿಸಬೇಡಿ, ಅವನ ಆತುರಕ್ಕೆ ನೀವು ಓಡಬೇಕಾಗಿಲ್ಲ. ನೇರ ರಸ್ತೆ ಬಂದಾಗ ಎಡ ಇಂಡಿಕೇಟರ್ ಹಾಕಿ ಸರಿದುಬಿಡಿ. ಆಂಬುಲೆನ್ಸ್ ಆದರಂತೂ ಎರಡು ಮಾತಿಲ್ಲ. ಇಲ್ಲಿಂದ ಗಂಭೀರ ರೋಗಿಗಳನ್ನು ಮೈಸೂರಿಗೋ ಮಂಗಳೂರಿಗೋ ಒಯ್ಯುವುದು ಇದೇ ರಸ್ತೆಗಳಲ್ಲಿ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ 10,000 ರೂಪಾಯಿ ದಂಡವೂ ಇದೆ.

ಮಂಜು, ಆನೆ

ಮಂಜಿನಲ್ಲಿ ಲೋ ಬೀಮ್. ಹೈ ಬೀಮ್ ಹಾಕಿದರೆ ನೀರಿನ ಕಣಗಳಿಗೆ ಬಡಿದ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ, ಏನೂ ಕಾಣದ ಭಯ ಸಿಟ್ಟಾಗಿ ತಿರುಗುತ್ತದೆ. ಓಡುತ್ತಿರುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ.

ತಿತಿಮತಿ, ಆನೆಚೌಕೂರು, ಆನೆಕಾಡು, ಸಿದ್ದಾಪುರ ಸುತ್ತಿನ ತೋಟಗಳಲ್ಲಿ ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿಣುಕಿಸುವುದು ಬೇಡ, ಇಳಿಯುವುದಂತೂ ಬೇಡವೇ ಬೇಡ. ಹಿಂದೆ ಬಂದು ನಿಂತವರು ವಿಷಯ ತಿಳಿಯದೆ ಹಾರ್ನ್ ಹೊಡೆಯಲು ಶುರು ಮಾಡುತ್ತಾರೆ. ಅವರ ಮೇಲೆ ಸಿಟ್ಟಾಗದೆ ಕಿಟಕಿಯಿಂದ ಕೈ ತೋರಿಸಿ ನಿಲ್ಲಲು ಹೇಳಿ. ಹಿಂದೆ ಜಾಗವಿದ್ದರೆ ನಿಧಾನಕ್ಕೆ ಹಿಂದಕ್ಕೆ ಹೋಗಿ. ಮರಿ ಜೊತೆಗಿದ್ದರೆ ಎಲ್ಲವೂ ದಾಟಿದವು ಎಂದು ಖಾತ್ರಿಯಾಗುವ ತನಕ ಕದಲಬೇಡಿ.

ಒಬ್ಬ ಇಳಿದು ಜಗಳಕ್ಕೆ ಬಂದರೆ

ನೀವು ಇಳಿಯಬೇಡಿ. ಬಾಗಿಲು ಲಾಕ್ ಮಾಡಿ, ಮಾತು ಕೇಳುವಷ್ಟು ಮಾತ್ರ ಗಾಜು ಇಳಿಸಿ. ತಪ್ಪು ನಿಮ್ಮದಿದ್ದರೆ "ಸಾರಿ ಅಣ್ಣಾ, ಗಮನಿಸ್ಲಿಲ್ಲ" ಎನ್ನಿ. ನಿಮ್ಮದಲ್ಲದಿದ್ದರೂ ನಡುರಸ್ತೆಯಲ್ಲಿ ಯಾರದು ಸರಿ ಎಂದು ತೀರ್ಮಾನಿಸಬೇಕಾಗಿಲ್ಲ. ಬೆದರಿಸಿದರೆ ಅಥವಾ ಬಾಗಿಲು ಬಡಿದರೆ 112ಕ್ಕೆ ಕರೆ ಮಾಡಿ, ಹೊರಡಲು ದಾರಿಯಿದ್ದರೆ ಜನ ಇರುವ ಪೇಟೆಗೋ ಪೊಲೀಸ್ ಠಾಣೆಗೋ ಹೋಗಿ ನಿಲ್ಲಿಸಿ. ಬೆನ್ನಟ್ಟುತ್ತಿದ್ದಾನೆ ಎನಿಸಿದರೆ ಮನೆಯ ಗೇಟಿಗೆ ತಿರುಗಬೇಡಿ.

ಗಾಡಿಗಳು ಸ್ವಲ್ಪ ಉಜ್ಜಿಕೊಂಡಿದ್ದು ಯಾರಿಗೂ ಪೆಟ್ಟಾಗಿಲ್ಲವಾದರೆ ನಾಲ್ಕು ಫೋಟೋ ತೆಗೆದು, ನಂಬರ್ ಬರೆದುಕೊಂಡು, ತಿರುವಿನಿಂದ ಗಾಡಿ ತೆಗೆಯಿರಿ. ಮಾತು ಬದಿಗೆ ಬಂದ ಮೇಲೆ. ಪೆಟ್ಟಾಗಿದ್ದರೆ ಮೊದಲು 108, ಬೇರೆ ಎಲ್ಲ ಆಮೇಲೆ.

ಮನೆ ಮುಟ್ಟಿದ ಮೇಲೆ

ದಾರಿಯ ಜಗಳವನ್ನು ಮನೆಯವರಿಗೊಮ್ಮೆ, ಫೋನಿನಲ್ಲೊಮ್ಮೆ, ವಾಟ್ಸ್ಆ್ಯಪ್ ಗುಂಪಿನಲ್ಲೊಮ್ಮೆ ಹೇಳುವುದರಿಂದ ಮನಸ್ಸು ಹಗುರವಾಗುತ್ತದೆ ಎಂದು ನಂಬಿದ್ದೇವೆ. ಆದರೆ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಿದವರ ಸಿಟ್ಟು ಇಳಿಯುವ ಬದಲು ಹೆಚ್ಚಿತ್ತು. ಒಮ್ಮೆ ಹೇಳಿ ಮುಗಿಸಿ. ಕೈಕಾಲು ತೊಳೆದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.

ವಾರವಿಡೀ ಯಾವ ರಸ್ತೆಯಲ್ಲೂ ಸಿಟ್ಟೇ ಬರುತ್ತಿದ್ದರೆ, ಮನೆಯವರು ನಿಮ್ಮ ಜೊತೆ ಕೂರಲು ಹೆದರುತ್ತಿದ್ದರೆ ಅದರ ಬೇರು ಬೇರೆಲ್ಲೋ ಇರಬಹುದು: ನಿದ್ದೆ, ಸಾಲ, ಕುಡಿತ, ಮನೆಯ ಚಿಂತೆ. ವೈದ್ಯರ ಹತ್ತಿರ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೋಂಸ್ಟೇ ನಡೆಸುವವರಿಗೆ

ಅತಿಥಿಗಳಿಗೆ ಲೊಕೇಶನ್ ಕಳಿಸುವಾಗ ಜೊತೆಗೆ ನಾಲ್ಕು ಸಾಲು ಕಳಿಸಿದರೆ ನಿಮ್ಮ ಊರಿನ ರಸ್ತೆಯ ಅರ್ಧ ಜಗಳ ತಪ್ಪುತ್ತದೆ. ಹೀಗೆ ಬರೆಯಬಹುದು: "ಮ್ಯಾಪ್ ಹೇಳುವುದಕ್ಕಿಂತ ಮುಕ್ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಿ, ಕತ್ತಲಾಗುವ ಮೊದಲು ತಲುಪಿ. ಕೊನೆಯ ದಾರಿ ಕಿರಿದು, ಏರಿ ಬರುವ ಗಾಡಿಗೆ ನಿಂತು ದಾರಿ ಬಿಡಿ. ಇಳಿಯುವಾಗ ಎರಡನೇ ಗೇರ್. ಫೋಟೋಗೆ ತಿರುವಿನಲ್ಲಿ ನಿಲ್ಲಿಸಬೇಡಿ, ನಮ್ಮ ಅಂಗಳದಿಂದಲೇ ಬೆಟ್ಟ ಕಾಣುತ್ತದೆ. ಎಲ್ಲಿ ಕಷ್ಟವಾದರೂ ಫೋನ್ ಮಾಡಿ, ನಮ್ಮವರು ಬಂದು ಕರೆದುಕೊಂಡು ಬರುತ್ತಾರೆ."